ಛಾವಣಿಯ ಮೇಲೆ ಟಕ್ ಟಕ್ ಟಕ್

ಮಂದಿಯ ಮನೆಗಳ ನೆತ್ತಿ ಬಡಿದು ಹೊಟ್ಟೆ ಹೊರೆಯುವವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರ ಬರುವುದೇ ಇಲ್ಲ. ಪುಣೆಯಲ್ಲಿ ಸೋಲಾರ್ ಹೀಟರ್ ಕೂರಿಸುವ ಕೆಲಸಕ್ಕೆ ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ. ಸ್ಲ್ಯಾಬಿನ ಮನೆಯಾದರೆ ಕೆಲಸ ಸಲೀಸು. ಹಂಚಿನದೋ ತಗಡಿನದೋ ಆದರೆ ಪ್ಯಾನೆಲ್ಲಿನ ಕಾಲುಗಳನ್ನು ಒಳಗಿನ ಜಂತಿಗೇ ಬಿಗಿಯಬೇಕು. ಜಂತಿ ತಪ್ಪಿ ಬರೀ ತಗಡಿಗೆ ಬಿಗಿದರೆ ಮೊದಲ ಗಾಳಿಗೇ ಪ್ಯಾನೆಲ್ಲು ಪಕ್ಕದ ಮನೆಯವರದಾಗುತ್ತದೆ. ಮೇಲೆ ಕೂತವನಿಗೆ ಜಂತಿ ಕಾಣುವುದಿಲ್ಲ, ಬಡಿದು ಕೇಳಬೇಕು. ಪೊಳ್ಳು ಸದ್ದು ಬಂದರೆ ಕೆಳಗೆ ಏನೂ ಇಲ್ಲ, ಗಟ್ಟಿ ಸದ್ದು ಬಂದರೆ ಜಂತಿ ಇದೆ. ಬಡಿತದ ಅರ್ಥ ಹೇಳುವುದರಲ್ಲಿ ನನ್ನ ಸಮ ಯಾರೂ ಇಲ್ಲ ಅಂತ ನಮ್ಮ ಅಂಗಡಿಯಲ್ಲಿ ಹೆಸರಿತ್ತು. ಈ ಜಂಬವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕಡೆಗೆ ಬೇಕಾಗುತ್ತದೆ.

೧. ಬಾಗಿಲು ಬಡಿದು ಓಡಿಹೋದವನು

ಹಂಚಿನ ಬಂಗಲೆಯೊಂದರಲ್ಲಿ ಮನೆಯ ಯಜಮಾನರು ನನ್ನನ್ನು ಏಣಿ ಹತ್ತಿಸಿ, ತಾವು ಆಫೀಸಿಗೆ ಹೋದರು. ಅವರ ಹೆಂಡತಿ ಆಗ ಸ್ನಾನಕ್ಕೆ ಹೋಗಿದ್ದರಂತೆ. ಛಾವಣಿಯ ಮೇಲೆ ಒಬ್ಬ ಮನುಷ್ಯ ಇದ್ದಾನೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಸುತ್ತಿಗೆಯ ಹಿಡಿಯಿಂದ ಟಕ್ ಟಕ್ ಬಡಿದೆ. ಕೆಳಗೆ ಬಾಗಿಲು ತೆಗೆದ ಸದ್ದಾಯಿತು, ಮತ್ತೆ ಹಾಕಿದ ಸದ್ದಾಯಿತು. ಎರಡಡಿ ಸರಿದು ಮತ್ತೆ ಬಡಿದೆ. ಮತ್ತೆ ಬಾಗಿಲು. ಹೀಗೆ ನಾಲ್ಕೈದು ಸಲ. ಪಾಪ, ಇವರ ಮನೆಗೆ ಎಷ್ಟು ಮಂದಿ ಬಂದು ಹೋಗುತ್ತಾರೆ, ಪುಣ್ಯವಂತರು ಅಂತ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಕೋಣೆಯ ಬಾಗಿಲನ್ನು ತಿಂಗಳಿಗೊಮ್ಮೆ ಕೂಡ ಯಾರೂ ಬಡಿಯುತ್ತಿರಲಿಲ್ಲ.

ಕೆಳಗಿಳಿದರೆ ಆ ತಾಯಿ ಪೊರಕೆ ಹಿಡಿದು ಬಾಗಿಲ ಸಂದಿಯಲ್ಲೇ ನಿಂತಿದ್ದರು. ನಾನು ಸೋಲಾರಿನವನು ಅಂತ ಹೇಳಿದ ಮೇಲೆ ಪೊರಕೆ ಇಳಿಸಿ ಮರಾಠಿಯಲ್ಲಿ ಕೇಳಿದರು: "ಬೆಳಗಿನಿಂದ ಯಾವನೋ ಬಾಗಿಲು ಬಡಿದು ಓಡಿಹೋಗ್ತಿದ್ದಾನೆ. ನೀವು ಅಷ್ಟು ಎತ್ತರದಲ್ಲಿ ಕೂತಿದ್ದಿರಿ, ಯಾರಂತ ಕಾಣಲಿಲ್ಲವಾ?"

೨. ಹಲಗೆಯಾಚೆಯ ಸಿಡುಕ

ನನ್ನ ವಾಸ ಪೇಟೆಯೊಳಗಿನ ಒಂದು ಹಳೇ ವಾಡೆಯಲ್ಲಿ. ದೊಡ್ಡ ಮನೆಗೆ ಹಲಗೆಯ ಗೋಡೆ ಹಾಕಿ ಕೋಣೆ ಕೋಣೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನನ್ನ ಬಾಗಿಲು ಮುಂದಿನ ಓಣಿಗೆ, ಹಲಗೆಯಾಚೆಯ ಕೋಣೆಯ ಬಾಗಿಲು ಹಿಂದಿನ ಓಣಿಗೆ. ಅಲ್ಲಿ ಯಾರಿದ್ದಾರೆ ಅಂತ ನಾನು ನೋಡಿದವನಲ್ಲ.

ನಾನು ಗದಗಿನ ಕಡೆಯವನು, ಆಗಿನ್ನೂ ಒಬ್ಬಂಟಿ. ಇಡೀ ದಿನ ಮರಾಠಿ, ನಡುನಡುವೆ ಹಿಂದಿ. ಒಂದು ಸಂಜೆ ಸ್ಟೋವಿಗೆ "ಹತ್ತೋ ಯಪ್ಪಾ" ಅಂದೆ. ಎಷ್ಟು ದಿನದ ಮೇಲೆ ಬಾಯಲ್ಲಿ ಕನ್ನಡ ಬಂತು ಅಂತ ಯೋಚಿಸಿ ಸ್ಟೋವಿನ ಮುಂದೆ ಸುಮ್ಮನೆ ಕೂತುಬಿಟ್ಟೆ. ಮನಸ್ಸಿಗೆ ಭಾಳ ಕೆಡುಕೆನಿಸಿತು. ಮರುವಾರವೇ ರೇಡಿಯೋ ತಂದೆ. ಕತ್ತಲಾಗುವ ಹೊತ್ತಿಗೆ, ಗರಗರ ಸದ್ದಿನ ನಡುವೆ, ಊರ ಕಡೆಯ ಕನ್ನಡ ಸ್ಟೇಷನ್ನು ಸಿಗುತ್ತಿತ್ತು. ಎರಡು ಹಾಡು, ಆಮೇಲೆ ರೈತರಿಗೆ ಸಲಹೆ. ಜೋಳಕ್ಕೆ ಬೀಳುವ ಕಾಡಿಗೆ ರೋಗದ ಬಗ್ಗೆ ಮಾತಾಡಿದರೂ ನನಗೆ ಕಣ್ಣು ತುಂಬುತ್ತಿತ್ತು. ನನ್ನ ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ತಾಸು ಮಾತ್ರ.

ಮೂರನೇ ದಿನ ಹಲಗೆಯ ಆ ಕಡೆಯಿಂದ ಬಡಿತ ಬಂತು. ಟಕ್ ಟಕ್ ಟಕ್. ಗದ್ದಲವಾಯಿತೇನೋ ಅಂತ ದನಿ ಇಳಿಸಿದೆ. ಮರುದಿನ ಮತ್ತೆ. ಇನ್ನಷ್ಟು ಇಳಿಸಿದೆ. ವಿಚಿತ್ರವೆಂದರೆ, ನಾನು ಇಳಿಸಿದಷ್ಟೂ ಬಡಿತ ಜೋರಾಗುತ್ತಿತ್ತು. ಇಂಥ ಸಿಡುಕನ ಮುಖ ನೋಡುವುದೇ ಬೇಡ ಅಂತ ಹಿಂದಿನ ಓಣಿಯ ಕಡೆಗೆ ಕಾಲಿಡುವುದನ್ನೇ ಬಿಟ್ಟೆ.

ಕಡೆಕಡೆಗೆ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು, ಮೇಲೆ ಕೌದಿ ಹೊದ್ದು ಕೇಳುವ ಗತಿ ಬಂತು. ಮೇ ತಿಂಗಳ ಧಗೆಯಲ್ಲಿ ಕೌದಿಯೊಳಗೆ ಬೆವರುತ್ತ ಜೋಳದ ರೋಗದ ಪಾಠ ಕೇಳಿದವನು ಇಡೀ ಪುಣೆಯಲ್ಲಿ ನಾನೊಬ್ಬನೇ ಇರಬೇಕು. ಅದೂ ಒಂದು ಗುಂಟೆ ಹೊಲ ಇಲ್ಲದವನು.

೩. ನಕ್ಷೆ ಸರಿಯಾಗಿದೆ

ಇನ್ನೊಂದು ಕಡೆ ಮನೆಯ ಯಜಮಾನರು ನಿವೃತ್ತ ಇಂಜಿನಿಯರು. ನಾನು ಸುತ್ತಿಗೆ ಎತ್ತುವ ಮೊದಲೇ ಮನೆಯ ನಕ್ಷೆ ತಂದು ತಗಡಿನ ಮೇಲೆ ಹಾಸಿದರು. "ಬಡಿಯೋದು ಅನಾಗರಿಕ ಪದ್ಧತಿ. ಎರಡೆರಡು ಅಡಿಗೆ ಒಂದು ಜಂತಿ ಇದೆ, ನೋಡು" ಅಂತ ಸ್ಕೇಲು ಹಿಡಿದು ಗೆರೆ ಎಳೆದರು.

ನಾನು ಕದ್ದು ಒಂದು ಸಲ ಬಡಿದೆ. ಪೊಳ್ಳು. "ಸಾಹೇಬರೇ, ಇಲ್ಲಿ ಇಲ್ಲ" ಅಂದೆ.

"ನಕ್ಷೆಯಲ್ಲಿ ಇದೆ."

ದೊಡ್ಡವರ ಮಾತು ಅಂತ ಡ್ರಿಲ್ಲು ಒತ್ತಿದೆ. ಅದು ತಗಡನ್ನೂ ಕೆಳಗಿನ ಹಲಗೆಯನ್ನೂ ದಾಟಿ ಸರ್ರನೆ ಇಳಿಯಿತು. ಒಳಗೆ ಅವರ ಹೆಂಡತಿ ಹಪ್ಪಳ ಲಟ್ಟಿಸುತ್ತಿದ್ದರು. "ರೀ, ಮೇಲಿನಿಂದ ಏನೋ ಬರ್ತಿದೆ ನೋಡಿ" ಅಂತ ಅವರು ಕೂಗಿದರು. ಸಾಹೇಬರು ಏಣಿ ಇಳಿದು ಒಳಗೆ ಹೋಗಿ, ತೂತನ್ನು ನೋಡಿ, ಮತ್ತೆ ಮೇಲೆ ಬಂದು ಬಹಳ ಹೊತ್ತು ನಕ್ಷೆ ನೋಡಿದರು.

"ನಕ್ಷೆ ಸರಿಯಾಗೇ ಇದೆ. ಮನೆಯನ್ನೇ ತಪ್ಪು ಕಟ್ಟಿದ್ದಾರೆ" ಅಂದರು.

೪. ಭೋರಿನ ಸಂಭಾಷಣೆ

ಪುಣೆ ಹತ್ತಿರದ ಭೋರ್ ಊರಿನ ಕಡೆ ಹೋದಾಗ ಒಬ್ಬನೇ ಇದ್ದೆ. ಒಳಗಿನಿಂದ ಯಾರಾದರೂ ಜಂತಿ ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಹಾಗಾಗಿ ಮನೆಯ ಹಿರಿಯರ ಕೈಗೆ ಕೋಲು ಕೊಟ್ಟೆ. "ಒಳಗಿನಿಂದ ಜಂತಿ ಇದ್ದಲ್ಲಿ ಬಡೀರಿ, ನನಗೆ ಕೇಳಿದ ಮೇಲೆ ನಾನೂ ಬಡೀತೀನಿ" ಅಂದೆ. ಅವರು ಬಡಿದರು. ಕೇಳಿತು ಅಂತ ನಾನೂ ಬಡಿದೆ. ಇವನು ಮತ್ತೆ ಬಡಿ ಅನ್ನುತ್ತಿದ್ದಾನೆ ಅಂದುಕೊಂಡು ಅವರು ಮತ್ತೆ ಬಡಿದರು. ಇವರು ಇನ್ನೊಂದು ಜಂತಿ ತೋರಿಸುತ್ತಿದ್ದಾರೆ ಅಂದುಕೊಂಡು ನಾನೂ ಮತ್ತೆ ಬಡಿದೆ. ಒಂದೇ ಜಂತಿಯ ಮೇಲೆ ಅರ್ಧ ತಾಸು ನಡೆಯಿತು.

ಕಡೆಗೆ ಹಿರಿಯರು ಬೆವರೊರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ಮೇಲೆ ನೋಡಿದರು. "ಕೆಳಗಿಳಿದು ಊಟಕ್ಕೆ ಬಾಪ್ಪಾ. ಉಳಿದದ್ದನ್ನು ಬಾಯಿಂದಲೇ ಮಾತಾಡೋಣ."

ಆ ತಿಂಗಳಲ್ಲಿ ನಾನು ಒಬ್ಬರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

೫. ನನ್ನ ವಾಡೆಯ ಜಂತಿ

ಕೊನೆಗೆ ನಮ್ಮ ವಾಡೆಯ ಮಾಲಕರಿಗೇ ಸೋಲಾರ್ ಬೇಕೆನಿಸಿತು. ಬಿಸಿಲು ಚೆನ್ನಾಗಿ ಬೀಳುವುದು ಹಿಂಭಾಗದ ತಗಡಿನ ಮೇಲೆ, ಅಂದರೆ ಸರಿಯಾಗಿ ಆ ಸಿಡುಕನ ನೆತ್ತಿಯ ಮೇಲೆ. "ಆ ಕೋಣೆಯವರಿಗೆ ಇವತ್ತು ವಾರದ ರಜೆ. ಒಳಗಿನಿಂದ ಕೋಲಿನಲ್ಲಿ ಜಂತಿ ತೋರಿಸೋಕೆ ಹೇಳಿದ್ದೇನೆ" ಅಂದರು ಮಾಲಕರು.

ತಗಡಿನ ಮೇಲೆ ಚಾಕ್ ಹಿಡಿದು ಕೂತೆ. ಕೆಳಗಿನಿಂದ ಬಂತು. ಟಕ್ ಟಕ್ ಟಕ್.

ಅದೇ ಬಡಿತ. ನನ್ನ ಕೈ ತಾನಾಗಿ ರೇಡಿಯೋದ ದನಿ ಇಳಿಸುವ ಗುಬುಟಿ ಹುಡುಕಿತು. ಎರಡು ವರ್ಷದ ಸಿಟ್ಟು, ಕೌದಿಯೊಳಗಿನ ಬೆವರು ಎಲ್ಲ ಒಟ್ಟಿಗೆ ನೆನಪಾಗಿ, ಯಾರಿಗೂ ತಿಳಿಯದ ನನ್ನ ಭಾಷೆಯಲ್ಲೇ ಗೊಣಗಿದೆ: "ಯಪ್ಪಾ, ಇನ್ನೆಷ್ಟು ಕಡಿಮಿ ಮಾಡ್ಲಿ ನಿನಗ?"

ತಗಡಿನ ಸಂದಿಯಿಂದ ದನಿ ಬಂತು.

"ಕಡಿಮಿ ಬ್ಯಾಡ್ರಿ. ಹೆಚ್ಚ್ ಮಾಡ್ರಿ ಅಂತ ಎರಡು ವರ್ಷದಿಂದ ಬಡೀಲಾಕತ್ತೀನಿ."

ನಾನು ತಗಡಿನ ಮೇಲಿಂದ ಜಾರುವುದೊಂದು ಬಾಕಿ. "ನೀವು ಕನ್ನಡದವ್ರೇನ್ರಿ?"

"ಗುಲ್ಬರ್ಗಾ ಕಡಿಯವ್ರಿ. ಪಿಂಪ್ರಿ ಕಾರ್ಖಾನ್ಯಾಗ ಅದೀನಿ. ನಿಮ್ಮ ರೇಡಿಯೋದಾಗ ಹಾಡು ಬಂದ್ರ ಜೀವಕ್ಕ ಹಿತ ಆಗ್ತಿತ್ತು. ನಾ ಬಡದಂಗೆಲ್ಲ ನೀವು ಇಳಸ್ತಿದ್ರಿ. ಎಂಥಾ ಮನಷ್ಯಾ ಇದ್ದಾನಪಾ, ಒಂದು ಹಾಡ ಕೇಳಾಕೂ ಕೊಡೂದಿಲ್ಲ ಅನಕೊಂಡಿದ್ದೆ."

"ಒಂದು ಮಾತು ಕೂಗಿ ಹೇಳಬಾರ್ದೇನ್ರಿ?"

"ಗುರ್ತಿಲ್ಲದವರ ಮನಿ. ಒಳಗ ಹೆಣ್ಮಕ್ಕಳಿದ್ರ, ಗ್ವಾಡಿ ಈಚಿಂದ ಒದರೂದು ಛಂದ ಕಾಣ್ತದೇನ್ರಿ?"

"ನಾ ಒಬ್ಬನ ಇರೂದ್ರಿ."

"ಇಲ್ಲಿ ನಾನೂ ಒಬ್ಬನ ನೋಡ್ರಿ" ಅಂದರು. ಸ್ವಲ್ಪ ತಡೆದು ಕೇಳಿದರು: "ಅಲ್ರೀ, ದಿನಾ ಬಡದು ಕೇಳೂದ ನಿಮ್ಮ ಕೆಲಸ ಅಂತಾರಲ್ಲ ಮಾಲಕರು. ನಾ ಬಡದದ್ದು ತಿಳೀಲಿಲ್ಲೇನ್ರಿ ನಿಮಗ?"

ಅಷ್ಟರಲ್ಲಿ ಅಂಗಳದಿಂದ ಮಾಲಕರು "ಜಂತಿ ಸಿಕ್ಕಿತಾ?" ಅಂತ ಕೂಗಿದರು. ಸಿಕ್ಕಿತು ಅಂದೆ. ಚಾಕಿನ ಗುರುತು ಹಾಕುವುದನ್ನು ಮಾತ್ರ ಮರೆತಿದ್ದೆ. ಕೆಳಗಿದ್ದವರ ಕೈಯಲ್ಲಿ ಇನ್ನೊಮ್ಮೆ ಬಡಿಸಬೇಕಾಯಿತು.

ಅಂದು ಸಂಜೆ ಗುಲ್ಬರ್ಗಾದವರು ಎರಡು ಓಣಿ ಸುತ್ತು ಹಾಕಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ನನ್ನ ಬಾಗಿಲು ಬಡಿದರು. ಕೌದಿ ಮಡಿಸಿ ಅವರಿಗೆ ಕೂರಲು ಹಾಕಿದೆ. ಟ್ರಂಕಿನ ಮೇಲೆ ರೇಡಿಯೋ ಇಟ್ಟು, ಎರಡು ವರ್ಷದ ಬಾಕಿಯನ್ನೆಲ್ಲ ತೀರಿಸುವ ಹಾಗೆ ಗುಬುಟಿ ತಿರುಗಿಸಿದೆ. ಒಂದು ಹಾಡು ಮುಗಿಯುವುದರೊಳಗೆ ಬಲಗಡೆಯ ಹಲಗೆ ಟಕ್ ಟಕ್ ಅಂದಿತು. ಮೇಲಿನ ಅಟ್ಟದಿಂದ ಧಬ್ ಧಬ್ ಬಂತು. ಅಂಗಳದಲ್ಲಿ ಮಾಲಕರು ಊರುಗೋಲಿನಿಂದ ಕಂಬಕ್ಕೆ ಬಾರಿಸತೊಡಗಿದರು.

ಗುಲ್ಬರ್ಗಾದವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. "ಕಡಿಮಿ ಮಾಡ್ ಅಂತಾರೇನ್ರಿ?"

"ಇಲ್ರಿ" ಅಂದೆ. "ಬಡಿತ ನನಗ ತಿಳೀತದ. ಹೆಚ್ಚ್ ಮಾಡ್ ಅಂತಾರ." ಗುಬುಟಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ.