ತೆಗಿ ಅಂದ್ರೆ ಏನ್ ತೆಗೀಲಿ

"ಇವತ್ತು ಸಂಜೆ ಆ ಸೂರ್ಯನನ್ನ ಹಿಡಿದು, ದೀಪಸ್ತಂಭದ ತಲೆಯೊಳಗೆ ಕೂರಿಸಿ, ಒಂದು ಚುಕ್ಕೆ ಧೂಳಿಲ್ಲದ ಹಾಗೆ ಫೋಟೋ ತೆಗೆದು ತರ್ತೀನಿ. ತರಲಿಲ್ಲ ಅಂದ್ರೆ ಈ ಕ್ಯಾಮೆರಾನ ನೀನೇ ಒಲೆಗೆ ಹಾಕು."

ಹೀಗೆಂದು ಗಡಿಯಾರದವರು ಬೆಳಿಗ್ಗೆ ಹಾಸಿಗೆಯ ಮೇಲೆ ಕೂತೇ ಶಪಥ ಮಾಡಿದರು. ಶಪಥ ಅಂದಮೇಲೆ ಕೈ ಎತ್ತಬೇಕಲ್ಲ, ಎತ್ತಿದರು. ಎತ್ತಿದ ಕೈಯಲ್ಲಿ ಚಹಾದ ಲೋಟ ಇತ್ತು. ಅರ್ಧ ಲೋಟ ಚಹಾ ಕೆಂಪು ಹೊದಿಕೆಯ ಮೇಲೆ ಇಳಿಯಿತು.

"ಸೂರ್ಯ ಆಮೇಲೆ ಬರಲಿ, ಮೊದಲು ಕಾಲೆತ್ತಿ," ಎಂದು ಹೆಂಡತಿ ಹೊದಿಕೆ ಎಳೆದುಕೊಂಡು ಒಗೆಯಲು ಹೋದರು.

ಆ ದಿನದ ಅನಾಹುತಕ್ಕೆಲ್ಲ ಬೀಜ ಬಿದ್ದದ್ದು ಅಲ್ಲೇ. ಆಗ ಇಬ್ಬರಿಗೂ ಗೊತ್ತಾಗಲಿಲ್ಲ ಅಷ್ಟೆ.

ಗಡಿಯಾರದವರು ನಲವತ್ತು ವರ್ಷ ಕೈಗಡಿಯಾರ, ಗೋಡೆ ಗಡಿಯಾರ ರಿಪೇರಿ ಮಾಡಿದವರು. ಅಂಗಡಿಯ ಗೋಡೆ ತುಂಬ ಗಡಿಯಾರಗಳು. ಒಂದು ಟಿಕ್ ಅಂದರೆ ಇನ್ನೊಂದು ಟಕ್ ಅನ್ನುತ್ತಿತ್ತು, ಮಾತಿಗೆ ಮನುಷ್ಯರೇ ಬೇಕಿರಲಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೊದಲ ದಿನವೇ ಮನೆಯ ಮೌನ ಕಿವಿಗೆ ರಪ್ಪನೆ ಬಡಿಯಿತು. ಮಕ್ಕಳಿರಲಿಲ್ಲ. ಹೆಂಡತಿಯ ಮಾತು ಕಡಿಮೆ, ಇವರದು ಅದಕ್ಕಿಂತ ಕಡಿಮೆ. ಇಬ್ಬರೂ ಒಂದು ಕೋಣೆಯಲ್ಲಿ ಕೂತರೆ ನಿಂತುಹೋದ ಎರಡು ಗಡಿಯಾರಗಳನ್ನು ಅಕ್ಕಪಕ್ಕ ಇಟ್ಟ ಹಾಗೆ. ತೋರಿಸುವ ಹೊತ್ತೂ ಬೇರೆ ಬೇರೆ.

ಅದಕ್ಕೇ ಒಂದು ಕ್ಯಾಮೆರಾ ಕೊಂಡರು. ದಿನಾ ಸಂಜೆ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದರು.

ಅವರ ಮನೆ ಇದ್ದದ್ದು ಕಡಲಿನ ಮೂಲೆಯಲ್ಲಿ, ದೀಪಸ್ತಂಭದ ಬುಡಕ್ಕೇ ಅಂಟಿಕೊಂಡು. ಆ ದೀಪ ಆರಿ ಎಷ್ಟೋ ವರ್ಷವಾಗಿತ್ತು. ದಾರಿ ಹುಡುಕಲು ಹಡಗುಗಳಿಗೆ ಈಗ ಬೇರೆ ಯಂತ್ರಗಳಿವೆ, ಈ ಮುದುಕನನ್ನು ಯಾರೂ ಕೇಳುವುದಿಲ್ಲ. ಆದರೆ ಕೊಲ್ಲಿಯ ಆಚೆ ದಡದ ಗುಡ್ಡದ ಮೇಲೆ ನಿಂತು ನೋಡಿದರೆ, ವರ್ಷದಲ್ಲಿ ಮೂರ್ನಾಲ್ಕು ದಿನ ಮಾತ್ರ, ಮುಳುಗುವ ಸೂರ್ಯ ಸರಿಯಾಗಿ ಆ ತುದಿಯ ಗಾಜಿನ ಕೋಣೆಯ ಹಿಂದೆ ಬಂದು ನಿಲ್ಲುತ್ತಾನೆ. ಎರಡು ನಿಮಿಷ, ಸತ್ತ ದೀಪ ಹೊತ್ತಿಕೊಳ್ಳುತ್ತದೆ. ಆ ಎರಡು ನಿಮಿಷಕ್ಕಾಗಿ ಗಡಿಯಾರದವರು ಏಳು ವರ್ಷ ಗುಡ್ಡ ಹತ್ತಿದ್ದರು. ಒಂದು ವರ್ಷ ಮೋಡ, ಒಂದು ವರ್ಷ ಬ್ಯಾಟರಿ ಕೈಕೊಟ್ಟಿತು, ಇನ್ನೊಂದು ವರ್ಷ ಸರಿಯಾದ ಗಳಿಗೆಗೆ ಸೀನು ಬಂತು. ಉಳಿದ ದಿನಗಳ ಕಥೆಯೇ ಬೇರೆ. ನೇರಳೆ ಸಂಜೆ, ಕೇಸರಿ ಸಂಜೆ, ಮಂಜಿನ ಸಂಜೆ ಎಂದು ಸಾವಿರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತುಂಬಿಸಿದ್ದರು.

ಒಂದೇ ಒಂದು ಕಾಟವಿತ್ತು. ಧೂಳು.

ಗಡಿಯಾರ ರಿಪೇರಿಯವರಿಗೆ ಜಗತ್ತಿನಲ್ಲಿ ಧೂಳಿಗಿಂತ ದೊಡ್ಡ ವೈರಿ ಇಲ್ಲ. ಪ್ರತಿ ಫೋಟೋದಲ್ಲೂ ಎಡಗಡೆ, ಮನೆಯ ತಾರಸಿಯ ಮೇಲೆ, ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಲೆನ್ಸ್ ಒರೆಸಿದರು, ಹೋಗಲಿಲ್ಲ. ಲೆನ್ಸನ್ನೇ ಬದಲಾಯಿಸಿದರು, ಧೂಳು ಬದಲಾಗಲಿಲ್ಲ. ಕೊನೆಗೆ ಪೇಟೆಯ ಫೋಟೋ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಚುಕ್ಕೆ ಅಳಿಸುವುದನ್ನು ಹೇಳಿಕೊಟ್ಟ. ಅಂದಿನಿಂದ ರಾತ್ರಿಯ ಊಟ ಆದಮೇಲೆ ಅವರಿಗೆ ಅದೇ ಕೆಲಸ.

"ಏನ್ರೀ ಅದು, ದಿನಾ ಉಜ್ಜೋದು?" ಎಂದು ಹೆಂಡತಿ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದರು.

"ಹಠಮಾರಿ ಧೂಳು. ವರ್ಷಗಳಿಂದ ಬೆನ್ನು ಬಿಟ್ಟಿಲ್ಲ."

"ಅಷ್ಟು ಹಚ್ಚಿಕೊಂಡಿದೆ ಅಂದ್ರೆ ಪಾಪ, ಇರಲಿ ಬಿಡಿ."

"ನಿನಗೆ ಇದೆಲ್ಲ ಅರ್ಥ ಆಗಲ್ಲ ಇವಳೇ, ಹೋಗಿ ಮಲಕ್ಕೋ," ಎಂದು ಇವರು ಉಜ್ಜಿದ್ದೇ ಉಜ್ಜಿದ್ದು.

ಇನ್ನೊಂದು ಹೆಮ್ಮೆಯೂ ಇತ್ತು ಅವರಿಗೆ. ಗುಡ್ಡದಿಂದ ಇಳಿದು, ಕೊಲ್ಲಿ ಸುತ್ತಿ, ಎಷ್ಟು ಹೊತ್ತಿಗೆ ಬಾಗಿಲಿಗೆ ಬಂದರೂ ಚಹಾ ಅದೇ ಗಳಿಗೆಯಲ್ಲಿ ಒಲೆಯಿಂದ ಇಳಿಯುತ್ತಿತ್ತು. "ಗಡಿಯಾರದವನ ಹೆಂಡತಿ ಅಲ್ವೇ, ನನ್ನ ಹೊತ್ತು ಅವಳಿಗೂ ಹತ್ತಿದೆ," ಎಂದು ಸ್ಟುಡಿಯೋದವನ ಮುಂದೆ ಮೀಸೆ ತಿರುವುತ್ತಿದ್ದರು.

ಶಪಥದ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಗುಡ್ಡದ ತುದಿಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ ಕಣ್ಣಿಟ್ಟರು. ಕಡಲು ಕರಗಿಸಿದ ತಾಮ್ರ. ಸೂರ್ಯ ಹೇಳಿ ಕಳಿಸಿದ ಹಾಗೆ ಗಾಜಿನ ಕೋಣೆಯ ಕಡೆಗೇ ಇಳಿಯುತ್ತಿದ್ದ. ಇನ್ನೇನು ಬಂದ ಎನ್ನುವಾಗ ತಾರಸಿಯ ಮೇಲೆ ಢಾಳಾಗಿ ಕಂಡಿತು, ಕೆಂಪು ಹೊದಿಕೆ. ಹಗ್ಗದ ಮೇಲೆ ಹಾರಾಡುತ್ತ, ದೀಪಸ್ತಂಭಕ್ಕೇ ಸವಾಲು ಹಾಕುತ್ತ.

ಮನೆಗೆ ಫೋನ್ ಮಾಡಿದರು.

"ಇವಳೇ, ಅದನ್ನ ತೆಗಿ."

"ಏನನ್ನ?"

"ಅದೇ, ಕೆಂಪಗಿರೋದು. ಬೇಗ ತೆಗಿ."

ಗುಡ್ಡದ ಗಾಳಿ ಮಾತನ್ನು ಅರ್ಧ ತಿನ್ನುತ್ತಿತ್ತು.

"ಫೋಟೋ ತೆಗೀಬೇಕಾ? ಕ್ಯಾಮೆರಾ ನಿಮ್ಮ ಹತ್ರಾನೇ ಇದೆಯಲ್ರೀ."

"ಫೋಟೋ ನಾನು ತೆಗೀತೀನಿ. ನೀನು ಹೊದಿಕೆ ತೆಗಿ."

"ಹೊದಿಕೆ ಫೋಟೋ ಯಾಕೆ ತೆಗೀತೀರಿ? ಚಹಾದ ಕಲೆ ಇನ್ನೂ ಹೋಗಿಲ್ಲ."

"ತೆಗಿ ಅಂದ್ರೆ ತೆಗಿಯೇ."

"ತೆಗಿ ಅಂದ್ರೆ ಏನ್ ತೆಗೀಲಿ, ಬಿಡಿಸಿ ಹೇಳಿ."

"ಹೊದಿಕೇನ ಹಗ್ಗದಿಂದ ತೆಗಿ."

ಗಾಳಿ 'ಹೊದಿಕೇನ'ವನ್ನೂ ತಿಂದಿತು, 'ದಿಂದ'ವನ್ನೂ ತಿಂದಿತು. ಮನೆಗೆ ತಲುಪಿದ್ದು 'ಹಗ್ಗ ತೆಗಿ' ಅಷ್ಟೇ. ಗಂಡ ಇಷ್ಟು ಮಾತಾಡಿದ್ದೇ ಎಷ್ಟೋ ದಿನದ ಮೇಲೆ. ಆ ಸಂಭ್ರಮಕ್ಕೇ ಇರಬೇಕು, ಹೆಂಡತಿ ಮರುಮಾತಾಡದೆ ಹಗ್ಗಕ್ಕೆ ಕೈಹಾಕಿದರು. ಹಗ್ಗದ ಒಂದು ತುದಿಯನ್ನು ಹಿಂದೆ ಗಡಿಯಾರದವರೇ ಕಟ್ಟಿದ್ದು, ನೀರಿನ ಟ್ಯಾಂಕಿನ ಪೈಪಿಗೆ. ಬೇರೆ ಮೊಳೆ ಯಾಕೆ ಹೊಡೀಬೇಕು ಅಂತ. ಗಂಟು ಬಿಚ್ಚಿಕೊಳ್ಳಲಿಲ್ಲ. ಎಳೆದರು. ಇನ್ನೂ ಎಳೆದರು.

ಗುಡ್ಡದ ಮೇಲಿನವರಿಗೆ ಕಂಡದ್ದೇ ಬೇರೆ. ಕೆಂಪು ಹೊದಿಕೆ ಹಕ್ಕಿಯ ಹಾಗೆ ಎದ್ದು ದೀಪಸ್ತಂಭದ ಬೇಲಿಯ ಮೇಲೆ ಕೂತಿತು. ಅದರ ಬೆನ್ನಿಗೇ ಬಂಗಾರದ ನೀರೊಂದು ಆಕಾಶಕ್ಕೆ ಚಿಮ್ಮಿತು. ಹನಿ ಹನಿಯಲ್ಲೂ ಒಂದೊಂದು ಸೂರ್ಯ. ಮೇಲೆ ಸತ್ತ ದೀಪ ಧಗಧಗ ಉರಿಯುತ್ತಿದೆ. "ಆಹಾ, ಎಂಥ ಅಲೆ ಎದ್ದಿತಪ್ಪ," ಎಂದು ಮೈಮರೆತು, ತಮ್ಮದೇ ಟ್ಯಾಂಕು ಖಾಲಿಯಾಗುವುದನ್ನು ಮೂವತ್ತೆರಡು ಸಲ ಫೋಟೋ ತೆಗೆದರು.

ಬೀಗುತ್ತ ಮನೆಗೆ ಬಂದರು. ಏಳು ವರ್ಷದಲ್ಲಿ ಮೊದಲ ಸಲ ಚಹಾ ಸಿದ್ಧವಿರಲಿಲ್ಲ. ಮೆಟ್ಟಿಲ ಮೇಲೆ ನೀರು ಸಾವಕಾಶವಾಗಿ ಇಳಿದು ಬರುತ್ತಿತ್ತು. ಹೆಂಡತಿ ತೊಯ್ದು ತೊಪ್ಪೆಯಾಗಿ ನೆಲ ಒರೆಸುತ್ತಿದ್ದರು.

"ಚಹಾ ಇಲ್ವಾ?"

"ನೀರಿಲ್ಲ. ಅಂದ್ರೆ ಇದೆ, ನೆಲದ ಮೇಲಿದೆ."

ಆ ನೀರಿನಲ್ಲೇ, ಮೇಜಿನ ಕೆಳಗೆ, ಕಂಪ್ಯೂಟರಿನ ಪೆಟ್ಟಿಗೆ ಕಾಲು ಇಳಿಬಿಟ್ಟು ಕೂತಿತ್ತು. ಗುಂಡಿ ಒತ್ತಿದರು. ಅದು ಗೊಳಕ್ ಎಂದಿತು, ಅಷ್ಟೆ.

ಗಡಿಯಾರದವರು ತಲೆ ಮೇಲೆ ಕೈಹೊತ್ತು ಒದ್ದೆ ನೆಲದಲ್ಲೇ ಕುಸಿದರು. "ಏಳು ವರ್ಷ ಕಣೇ. ಏಳು ವರ್ಷದ ಸಂಜೆ."

"ನನ್ನದೂ ಏಳು ವರ್ಷದ ಸಂಜೇನೇ," ಎಂದರು ಅವರು ಬಟ್ಟೆ ಹಿಂಡುತ್ತ. "ಅಷ್ಟರಲ್ಲಿ ನನ್ನದೊಂದು ಫೋಟೋ ತೆಗೆದಿದ್ರೆ, ಅದೂ ಹೋಯ್ತಲ್ಲ ಅಂತ ನಿಮ್ಮ ಜೊತೆ ಕೂತು ಅಳಬಹುದಿತ್ತು."

ಮರುದಿನ ಬೆಳಿಗ್ಗೆ ಕ್ಯಾಮೆರಾದ ಕಾರ್ಡು ಹಿಡಿದು ಸ್ಟುಡಿಯೋಗೆ ಓಡಿದರು. ಸ್ಟುಡಿಯೋದವನು ಸಮಾಧಾನ ಹೇಳಿದ. ಪ್ರತಿ ಸಲ ಕಾರ್ಡಿನಿಂದ ಇವರಿಗೆ ಫೋಟೋ ಇಳಿಸಿಕೊಡುತ್ತಿದ್ದವನು ಅವನೇ. ಆಗೆಲ್ಲ ಉಜ್ಜದ ಮೂಲ ಪ್ರತಿಯೊಂದನ್ನು ತನ್ನಲ್ಲೂ ಇಟ್ಟುಕೊಂಡಿದ್ದ. ಗಡಿಯಾರದವರಿಗೆ ಹೋದ ಜೀವ ಬಂದಂತಾಯಿತು. ಮೊದಲು ನಿನ್ನೆಯದನ್ನು ಪರದೆಗೆ ಹಾಕಿಸಿದರು.

"ಇದೇನು ಯಜಮಾನ್ರೇ, ಕಾರಂಜಿ?"

"ಅಲೆ ಕಣಯ್ಯಾ."

"ಅಲೆ ಪೈಪಿನಿಂದ ಬರ್ತಿದೆಯಲ್ಲ."

ಗಡಿಯಾರದವರು ಕೆಮ್ಮಿದರು. "ಅದಿರಲಿ. ಮೊದಲು ಎಡಗಡೆಯ ಆ ಧೂಳು ತೆಗಿ."

ಸ್ಟುಡಿಯೋದವನು ಆ ಜಾಗವನ್ನು ದೊಡ್ಡದು ಮಾಡಿದ. ಮತ್ತೂ ದೊಡ್ಡದು ಮಾಡಿದ. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದ: "ಯಜಮಾನ್ರೇ, ಈ ಧೂಳಿಗೆ ಕೈಯಿದೆ. ಕೈಯಲ್ಲಿ ಹಗ್ಗ ಇದೆ."

ಗಡಿಯಾರದವರು ಅಭ್ಯಾಸಬಲದಿಂದ ಜೇಬಿನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಗೆ ಮುಖ ಅಂಟಿಸಿದರು. "ಹಿಂದಿನ ವರ್ಷದ್ದು ತೋರಿಸು," ಎಂದರು. "ಅದರ ಹಿಂದಿನದು ತೋರಿಸು." ಕೇಸರಿ ಸಂಜೆಯಲ್ಲಿ ಧೂಳು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿತ್ತು. ಮಳೆಯ ಸಂಜೆಯಲ್ಲಿ ಕೊಡೆ ಹಿಡಿದಿತ್ತು. ಮಂಡಿ ನೋವು ಶುರುವಾದ ವರ್ಷದಿಂದ ಧೂಳು ಒಂದು ಸ್ಟೂಲು ಹಾಕಿಕೊಂಡು ಕೂತಿತ್ತು. ಒಂದರಲ್ಲೂ ಅದು ಸೂರ್ಯನ ಕಡೆ ತಿರುಗಿರಲಿಲ್ಲ. ಪ್ರತಿಯೊಂದರಲ್ಲೂ ಅದರ ಮುಖ ಗುಡ್ಡದ ಕಡೆಗೆ.

ಮನೆಗೆ ಬಂದಾಗ ಹೆಂಡತಿ ಕೆಂಪು ಹೊದಿಕೆಯನ್ನು ಎರಡನೆಯ ಸಲ ಒಗೆದು ಹಿಂಡುತ್ತಿದ್ದರು. ಅದರ ಇನ್ನೊಂದು ತುದಿ ಹಿಡಿದು ಗಡಿಯಾರದವರೂ ತಿರುಚಿದರು.

"ದಿನಾ ತಾರಸಿ ಮೇಲೆ ಯಾಕೆ ನಿಂತಿರ್ತೀಯ?"

"ಮತ್ತೆ ನೀವು ಬರೋದು ಹೇಗೆ ಗೊತ್ತಾಗಬೇಕು? ನಿಮ್ಮ ಟಾರ್ಚು ದೋಣಿ ಶೆಡ್ಡು ದಾಟಿದ್ರೆ ಒಲೆ ಹಚ್ಚೋದು. ನೀವು ಅದನ್ನ ಗಡಿಯಾರದ ಮಹಿಮೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಿ."

"ಟಾರ್ಚು ಹಾಕೋಕೆ ಎಷ್ಟೋ ಮೊದಲೇ ನಿಂತಿರ್ತೀಯಲ್ಲ."

ಹೆಂಡತಿ ಹೊದಿಕೆಯ ಮೇಲೆ ಉಳಿದಿದ್ದ ಚಹಾದ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ಒಳಗೆ ಕೂತ್ರೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ. ಮೇಲೆ ನಿಂತ್ರೆ, ಅಲ್ಲೊಬ್ಬರು ಇದ್ದಾರೆ ಅನ್ಸುತ್ತೆ. ನೀವೇನು ಕಾಣಲ್ಲ. ಆದ್ರೂ."

ಗಡಿಯಾರದವರು ಹೊದಿಕೆಯನ್ನು ಇನ್ನೊಂದು ಸುತ್ತು ತಿರುಚಿದರು. "ಇವಳೇ, ನಿನ್ನ ಫೋಟೋನ ನಾನು ದಿನಾ ತೆಗೆದಿದ್ದೆ."

"ಹೌದಾ?" ಮುಖ ಅರಳಿತು.

"ಹೂಂ. ಆಮೇಲೆ ರಾತ್ರಿ ಕೂತು... ಫೋಟೋದಿಂದ ನಿನ್ನನ್ನ ತೆಗೆದಿದ್ದೆ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಆ ಹಠಮಾರಿ ಧೂಳು?"

"ನೀನೇ."

ಅವರು ನಗತೊಡಗಿದರು. ನಕ್ಕು ನಕ್ಕು ಹೊದಿಕೆಯ ತುದಿ ಕೈಜಾರಿತು. "ಅದಕ್ಕೇ ನೋಡಿ, ಊಟ ಆದಮೇಲೆ ಮೈಯೆಲ್ಲ ಯಾರೋ ಉಜ್ಜಿದ ಹಾಗಾಗ್ತಿತ್ತು," ಎಂದು ಒದ್ದೆ ಹೊದಿಕೆಯಿಂದಲೇ ಕಣ್ಣೊರೆಸಿಕೊಂಡರು. ನಗುವಿನ ನೀರು ಎಷ್ಟು, ಬೇರೆಯದು ಎಷ್ಟು, ಗಡಿಯಾರದವರು ಕೇಳಲು ಹೋಗಲಿಲ್ಲ.

ಸೂರ್ಯ ಗಾಜಿನ ಕೋಣೆಗೆ ಬರುವ ಕೊನೆಯ ಸಂಜೆ ಅಂದೇ. "ನೀನೂ ಗುಡ್ಡಕ್ಕೆ ಬಾ, ನಿಧಾನಕ್ಕೆ ಹತ್ತಿಸ್ತೀನಿ," ಎಂದರು ಗಡಿಯಾರದವರು.

"ನಾನೂ ಅಲ್ಲಿಗೆ ಬಂದ್ರೆ ಇಲ್ಲಿ ಕಾಣೋದು ಯಾರು? ಹೋಗಿ ಬನ್ನಿ."

ಒಬ್ಬರೇ ಹತ್ತಿದರು. ಕಡಲು ಮತ್ತೆ ತಾಮ್ರವಾಯಿತು, ದೀಪ ಹೊತ್ತಿಕೊಂಡಿತು. ಸೂರ್ಯನನ್ನು ಬಿಟ್ಟು ಅವರ ಕಣ್ಣು ತಾರಸಿಯನ್ನೇ ಹುಡುಕುತ್ತಿತ್ತು. ಫೋನ್ ಬಂತು.

"ರೀ, ಕಾಣ್ತಿದ್ದೀನಾ? ಮತ್ತೆ ಧೂಳು ಅಂದ್ಕೋಬಾರದು ಅಂತ ಕೆಂಪು ಹೊದಿಕೆ ಹೊದ್ದು ನಿಂತಿದ್ದೀನಿ. ತೆಗೀಬೇಕಾ?"

"ಬೇಡ. ಏನನ್ನೂ ತೆಗೀಬೇಡ."

"ಹಾಗಾದ್ರೆ ನೀವು ತೆಗೀರಿ."

ಅಲ್ಲಿ ಒಂದು ಕೈ ಮೇಲೆದ್ದಿತು. ಗಡಿಯಾರದವರು ಉಸಿರು ಹಿಡಿದು ಗುಂಡಿ ಒತ್ತಿದರು. ಕ್ಯಾಮೆರಾ ಉಸಿರೆತ್ತಲಿಲ್ಲ. ಮತ್ತೆ ಒತ್ತಿದರು. ಆಮೇಲೆ ನೆನಪಾಯಿತು.

"ತೆಗೆದ್ರಾ?"

"ಇವಳೇ... ಕಾರ್ಡು ಸ್ಟುಡಿಯೋದಲ್ಲೇ ಉಳಿದುಬಿಟ್ಟಿದೆ."

ಸೂರ್ಯ ಕೋಣೆ ಖಾಲಿ ಮಾಡಿ ಕಡಲಿಗೆ ಇಳಿದ.

"ನೋಡಿದ್ರಾ ಆದ್ರೂ?"

"ನೋಡಿದೆ."

"ಸರಿ, ಟಾರ್ಚು ಹಾಕ್ಕೊಂಡು ಬೇಗ ಬನ್ನಿ. ಇವತ್ತು ಒಲೆ ಈಗ್ಲೇ ಹಚ್ತೀನಿ. ಚಹಾಕ್ಕೂ ಆಯ್ತು, ಕ್ಯಾಮೆರಾಕ್ಕೂ ಆಯ್ತು."