ಚೀಲದೊಳಗಿನ ಮೂರು ಕಲ್ಲು

ನಮ್ಮ ಅಕ್ಕನ ಗಂಡ ಯಾವುದನ್ನೂ ಕಣ್ಣಿನಿಂದ ನೋಡಿದವರಲ್ಲ, ಹೊಡೆದು ನೋಡಿದವರು! ಗಾಬರಿಯಾಗಬೇಡಿ, ಅಕ್ಕ ಸುಖವಾಗಿದ್ದಾಳೆ. ಹೊಡೆತವೆಲ್ಲ ಗಡಿಗೆಗೆ, ತೆಂಗಿನಕಾಯಿಗೆ. ಹಾವೇರಿ ಸಂತೆಯಲ್ಲಿ ಒಮ್ಮೆ ಕಲ್ಲಂಗಡಿಗಳನ್ನು ಬಡಿದು ಬಡಿದು ಕಿವಿಗೊಟ್ಟು ಕೂತರು. ಮಾರುವವಳು ಕೈಮುಗಿದಳು: "ಯಪ್ಪಾ, ಹಣ್ಣು ಒಯ್ಯಾಕ ಬಂದೀಯೋ, ಜಗಳಕ್ಕ ಬಂದೀಯೋ?"

ರಾಣೆಬೆನ್ನೂರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ತಲೆತುಂಬ ಪ್ರೋಟಾನ್. ಊಟಕ್ಕೆ ಕೂತರೂ ಅದೇ.

"ಕಣ್ಣಿಗೆ ಕಾಣೂದಿಲ್ಲ. ಒಳಗ ಏನೈತಿ ಅಂತ ಹೆಂಗ ತಿಳಕೋತಿ? ಎಲೆಕ್ಟ್ರಾನ್ ಬೀಸಿ ಹೊಡಿಬೇಕು. ಮೆತ್ತಗ ಹೊಡದ್ರ ಒಂದ ಉಂಡಿ ಅನಸ್ತದ. ಜೋರು ಹೊಡದ್ರ ಕೆಲವು ಸರ್ರನೆ ಹೊಳ್ಳಿ ಚಿಮ್ಮತಾವ. ಅಂದ್ರ ಒಳಗ ಕಾಳು ಅದಾವ, ಮೂರು!"

"ಮೂರು ಕಾಳಿಗೆ ಇಷ್ಟು ಗದ್ದಲಾನ? ನಮ್ಮ ಪ್ಯಾಟ್ಯಾಗ ಚೀಲಗಟ್ಟಲೆ ಅದಾವ, ಬರ್ರಿ" ಎಂದೆ. ಮನೆಮಂದಿ ನಕ್ಕರು. ಅಕ್ಕ ನಗಲಿಲ್ಲ.

ಬಂದೇ ಬಂದರು! ಬ್ಯಾಡಗಿಯ ನನ್ನ ಮೆಣಸಿನಕಾಯಿ ಅಂಗಡಿಯ ಮುಂದೆ ಶಾಲೆಯ ಮಕ್ಕಳಿಗೆ ಪ್ರಯೋಗ. ಹೆಡ್‌ಮಾಸ್ತರರಿಗೆ ಹಿಡಿಸಿದರೆ ಮತ್ತೆ ಪಾಠ ಹೇಳುವ ಭಾಗ್ಯ. ಅದಕ್ಕೇ ಹೊಸ ಅಂಗಿ. ಮೆಣಸಿನಕಾಯಿ ಚೀಲ ಪ್ರೋಟಾನ್, ರಬ್ಬರ್ ಚೆಂಡು ಎಲೆಕ್ಟ್ರಾನ್. ಚೀಲದಲ್ಲಿ ಮೂರು ಕಲ್ಲು ಹುಗಿದು, ಬಾಯಿ ಹೊಲಿದು, ಚಹಾಕ್ಕೆ ಹೋದರು. ನಾನು ಹೊಲಿಗೆ ಬಿಚ್ಚಿ ಕಲ್ಲು ತೆಗೆದೆ, ಮತ್ತೆ ಹೊಲಿದೆ. ಆ ವಿದ್ಯೆಯಲ್ಲಿ ನಾನೇ ಪಂಡಿತ! ಯಾಕೆ ಅಂತೀರಾ? ಮೆಟ್ರಿಕ್ ಓದಿದವನ ಹೊಟ್ಟೆಕಿಚ್ಚಿಗೆ ಬೇರೆ ಕಾರಣ ಬೇಕೆ?

ಮೊದಲ ಹುಡುಗಿ ಚೆಂಡು ಬೀಸಲು ಕೈ ಎತ್ತಿದಾಗಲೇ ನನಗೆ ನಗೆ ತಡೆಯಲಾಗಲಿಲ್ಲ. ಧಪ್. ಧಪ್. ಒಂದು ಚೆಂಡೂ ಚಿಮ್ಮಲಿಲ್ಲ. ಭಾವ ಹೇಳಿದರು: "ಕಲ್ಲು ನಾನ ಇಟ್ಟೇನಿ. ಆದ್ರ ಈಗ ಒಳಗಿಲ್ಲ. ಚೆಂಡು ಸುಳ್ಳು ಹೇಳೂದಿಲ್ಲ."

"ಇಟ್ಟಿದ್ರೋ, ಕನಸು ಕಂಡಿದ್ರೋ, ಮಾಸ್ತರ?" ಎಂದ ಹಮಾಲನೊಬ್ಬ. ಪೇಟೆಯೇ ನಕ್ಕಿತು.

ಶಾಲೆಯಿಂದ ಮತ್ತೆ ಕರೆ ಬರಲಿಲ್ಲ. ಆಮೇಲೆ ಭಾವ ಕಲ್ಲಂಗಡಿಯನ್ನೂ ಬಡಿಯಲಿಲ್ಲ. ಮಾರುವವಳು ಕೊಟ್ಟದ್ದನ್ನು ತರುತ್ತಿದ್ದರು. ಎಷ್ಟೋ ಸಲ ಒಳಗೆಲ್ಲ ಬೆಳ್ಳಗೆ. ಅಕ್ಕ ಅದನ್ನೇ ಹೆಚ್ಚಿಡುತ್ತಿದ್ದಳು.

ಮೊನ್ನೆ ಆ ಮೂರು ಕಲ್ಲನ್ನು ಕೈಚೀಲದಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೆ ಹೋಗಿ ಅವರ ಮುಂದಿಟ್ಟೆ.

"ಗೊತ್ತಿತ್ತು" ಎಂದರು. "ಎಲ್ಲಾರೂ ಚೆಂಡು ಬಿದ್ದ ಮ್ಯಾಲೆ ನಕ್ರು. ನೀ ಬೀಳೂಕಿಂತ ಮೊದಲ ನಕ್ಕಿ."

"ಮತ್ತ ಯಾಕ ಕೇಳ್ಲಿಲ್ರಿ, ಭಾವಾ? ಜೋರು ಒಂದ್ ಮಾತು ಹೊಡದಿದ್ರ ಎಲ್ಲಾ ಹೊರಗ ಬರ್ತಿತ್ತು."

ಭಾವ ಒಂದು ಕಲ್ಲನ್ನೆತ್ತಿ ಅಂಗಿಯ ತುದಿಯಿಂದ ಒರೆಸಿದರು.

"ಪ್ರೋಟಾನ್ ಒಡದ್ರ ಇನ್ನೊಂದು ಸಿಗತದೋ, ಹುಚ್ಚಾ. ನಿಮ್ಮಕ್ಕಗ ತಮ್ಮ ಒಬ್ಬನ ಅದಾನ."