ಭೌತಶಾಸ್ತ್ರ ಬಿಟ್ಟು ಬೇಕಿಂಗ್ ಕ್ಲಾಸ್ ಸೇರಿ ಸೈನಿಕ ಅಕಾಡೆಮಿಗೆ ಆಯ್ಕೆಯಾಗುವ ಕುರಿತು

ಮಕ್ಕಳ ಭವಿಷ್ಯ ವಿಭಾಗ
ಕೇಂದ್ರ ಕಚೇರಿ: ಶ್ರೀ ಮೃತ್ಯುಂಜಯ ಅವರ ಮನೆಯ ಬೇಸ್‌ಮೆಂಟ್, ಪಿಸ್ಕಾಟವೇ, ಅಮೆರಿಕ

ಸಂಖ್ಯೆ: ಮಭವಿ/ರ‍್ಯಾಂಕ್/ಸೇನೆ/2009-10
ದಿನಾಂಕ: ಅಕ್ಟೋಬರ್ ತಿಂಗಳ ಒಂದು ಮಂಗಳವಾರ

ವಿಷಯ: ಹನ್ನೆರಡನೇ ಗ್ರೇಡಿನ ಕುಮಾರಿ ರಕ್ಷಾ, ತಂದೆ ಮೃತ್ಯುಂಜಯ, ಇವರ ರ‍್ಯಾಂಕನ್ನು ಹದಿನಾಲ್ಕರಿಂದ ಹತ್ತರೊಳಗೆ ತರುವ ಬಗ್ಗೆ.

ಉಲ್ಲೇಖ: 1. ಈ ವಿಭಾಗದ ಹಿಂದಿನ ಸುತ್ತೋಲೆ, ‘ಎಲ್ಲರೂ ಡಾಕ್ಟರಾಗತಕ್ಕದ್ದು’ (ಈಗ ರದ್ದಾಗಿದೆ).
2. ಅಭ್ಯರ್ಥಿಯ ತಾಯಿ ಶ್ರೀಮತಿ ರುದ್ರಮ್ಮನವರು ಅಡುಗೆಮನೆಯಿಂದ ಮೌಖಿಕವಾಗಿ, ಆದರೆ ಇಡೀ ಬೀದಿಗೆ ಕೇಳುವಂತೆ ಸಲ್ಲಿಸಿದ ಆಕ್ಷೇಪಣೆ.

ಪ್ರಸ್ತಾವನೆ:

ಕುಮಾರಿ ರಕ್ಷಾ ಹಡ್ಸನ್ ನದಿ ದಂಡೆಯ ಸೈನಿಕ ಅಕಾಡೆಮಿಗೆ ಅರ್ಜಿ ಹಾಕಿರುತ್ತಾರೆ. ಬೇರೆ ಯಾವ ಕಾಲೇಜಿಗೂ ಹಾಕಿರುವುದಿಲ್ಲ, ಹಾಕುವುದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ತಿಳಿಸಿರುತ್ತಾರೆ. ಎ.ಪಿ. ಫಿಜಿಕ್ಸ್ ಎಂಬ ಕಾಲೇಜು ಮಟ್ಟದ ಕೋರ್ಸ್ ತೆಗೆದುಕೊಂಡು ಅದರಲ್ಲಿ ‘ಬಿ’ ಪಡೆದ ಕಾರಣ ಅವರ ರ‍್ಯಾಂಕ್ ಕುಸಿದಿದೆ. ಅವರ ಶಾಲೆಯಲ್ಲಿ ಭೌತಶಾಸ್ತ್ರದ ‘ಎ’ಗೂ ಕಪ್‌ಕೇಕಿನ ‘ಎ’ಗೂ ಒಂದೇ ತೂಕ. ಕೋರ್ಸ್ ಬದಲಿಸಲು ಬರುವ ಶುಕ್ರವಾರ ಕಡೆಯ ದಿನ. ತಂದೆಯ ಸಹಿ ಕಡ್ಡಾಯ.

ಲೇಆಫ್‌ಗಳ ದೆಸೆಯಿಂದ ನೌಕರಿ ಕಳೆದುಕೊಂಡ ವಿಭಾಗದ ಮೂವರೂ ಸದಸ್ಯರು (ನಿರ್ದೇಶಕರು, ಉಪನಿರ್ದೇಶಕರು, ಅಭ್ಯರ್ಥಿಯ ತಂದೆ) ಪೂರ್ಣಾವಧಿ ಲಭ್ಯರಿದ್ದು, ಕಚೇರಿಯು ವಾರದ ಎಲ್ಲ ದಿನವೂ ತೆರೆದಿರುತ್ತದೆ. ಸೇನಾ ವಿಷಯದಲ್ಲಿ ವಿಭಾಗದ ಅರ್ಹತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ನಿರ್ದೇಶಕರಾದ ಶ್ರೀ ಪಂಚಾಕ್ಷರಯ್ಯ ಅವರು ದಾವಣಗೆರೆಯಲ್ಲಿ ಎನ್.ಸಿ.ಸಿ. ‘ಬಿ’ ಸರ್ಟಿಫಿಕೇಟ್ ಪಡೆದವರು. ಅವರು ಅಂದು ‘ಸಾವಧಾನ್’ ಎಂದು ಕೂಗಿದ ರಭಸಕ್ಕೆ ಮೈದಾನದಲ್ಲಿದ್ದವರಷ್ಟೇ ಅಲ್ಲದೆ ಹರಿಹರದ ರೈಲು ನಿಲ್ದಾಣದಲ್ಲಿದ್ದ ಪ್ರಯಾಣಿಕರೂ ನೆಟ್ಟಗೆ ನಿಂತರೆಂಬುದು ಎಲ್ಲರಿಗೂ ತಿಳಿದ ವಿಷಯ. ಕೆಲ ಎಮ್ಮೆಗಳೂ ನಿಂತವು.

ಆದೇಶ:

1. ಕುಮಾರಿ ರಕ್ಷಾ ಶುಕ್ರವಾರದೊಳಗೆ ಭೌತಶಾಸ್ತ್ರವನ್ನು ತೊರೆದು ಬೇಕಿಂಗ್ ಕ್ಲಾಸ್ ಸೇರತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಸೈನ್ಯಕ್ಕೂ ಬ್ರೆಡ್ ಬೇಕು.

2. ಅಕಾಡೆಮಿಯ ಪರವಾಗಿ ಅಭ್ಯರ್ಥಿಯ ಮನೆಗೆ ಭೇಟಿ ಕೊಟ್ಟ ನಿವೃತ್ತ ಕ್ಯಾಪ್ಟನ್ ಸಾಹೇಬರು, ‘ರ‍್ಯಾಂಕ್ ನೋಡುತ್ತೇವೆ, ಆದರೆ ಯಾವ ಕೋರ್ಸುಗಳನ್ನು ಓದಿ ಆ ರ‍್ಯಾಂಕ್ ಬಂತು ಅನ್ನುವುದನ್ನೂ ನೋಡುತ್ತೇವೆ, ಕಷ್ಟದ್ದನ್ನು ನಡುವೆ ಬಿಟ್ಟರೆ ಯಾಕೆಂದು ಕೇಳುತ್ತೇವೆ’ ಎಂಬರ್ಥದ ಮಾತಾಡಿರುತ್ತಾರೆ. ಆ ವೇಳೆಗೆ ಅವರು ಮೂರು ಹೋಳಿಗೆ ತಿಂದಿದ್ದರಿಂದ ಇದನ್ನು ಸೌಜನ್ಯದ ಮಾತೆಂದು ಪರಿಗಣಿಸಿ ಕಡತದಿಂದ ಕೈಬಿಡಲಾಗಿದೆ. ರ‍್ಯಾಂಕ್ ಬಂದವರ ಫೋಟೋ ಪೇಪರಿನಲ್ಲಿ ಬರುವುದನ್ನು ನಾವು ಕಂಡಿದ್ದೇವೆ. ಕಷ್ಟಪಟ್ಟವರ ಫೋಟೋ ಬಂದದ್ದನ್ನು ಕಂಡಿಲ್ಲ.

3. ಆದರೂ ಮುಂದಿನ ಸಂದೇಹ ನಿವಾರಣೆಗಾಗಿ ಕೋರ್ಸಿನ ಕಷ್ಟವನ್ನು ‘ಅಂಕಲ್’ ಎಂಬ ಮಾನದಲ್ಲಿ ಅಳೆಯತಕ್ಕದ್ದು. ಹೋಮ್‌ವರ್ಕಿನ ಲೆಕ್ಕವೊಂದನ್ನು ನೋಡಿ ‘ನಮ್ಮ ಸಿಲಬಸ್ಸಲ್ಲಿ ಇದು ಬೇರೆ ಥರ ಇತ್ತು’ ಎಂದು ಎದ್ದುಹೋಗುವ ಪ್ರತಿಯೊಬ್ಬ ಹಿರಿಯನೂ ಒಂದು ಅಂಕಲ್. ಪ್ರಸ್ತುತ ಭೌತಶಾಸ್ತ್ರವು ಎರಡು ಅಂಕಲ್ ಎಂದು ದಾಖಲಾಗಿದೆ. ಮೂರನೆಯವರಾದ ಶ್ರೀ ಮೃತ್ಯುಂಜಯ ಅವರು ಲೆಕ್ಕವನ್ನು ಕೈಯಲ್ಲಿ ಹಿಡಿದು ಕೂತೇ ಇರುವುದರಿಂದ ಅವರನ್ನು ಇನ್ನೂ ಎಣಿಸಿರುವುದಿಲ್ಲ.

4. ಹದಿಮೂರನೇ ರ‍್ಯಾಂಕಿನಲ್ಲಿರುವ ಚಿರಂಜೀವಿ ಮಾಜ್ ದೇಶಹಿತದೃಷ್ಟಿಯಿಂದ ಮುಂದಿನ ಟೆಸ್ಟಿನಲ್ಲಿ ಕೊಂಚ ತಪ್ಪು ಬರೆಯತಕ್ಕದ್ದೆಂದು ಸೂಚಿಸಲಾಗಿತ್ತು. ಆತನ ತಂದೆಯೂ ಈ ವಿಭಾಗದ ಉಪನಿರ್ದೇಶಕರೂ ಆದ ಜನಾಬ್ ಇನಾಯತ್ ಉಲ್ಲಾ ಅವರು, ‘ಪಂಚಾಕ್ಷರಯ್ಯನೋರೇ, ಇದನ್ನ ಅವನ ಅಮ್ಮ ಶಮ್ಸುನ್ನೀಸಾ ಮುಂದೆ ನೀವೇ ಹೇಳಿ. ನಾನು ಕಾರಲ್ಲಿ ಕೂತಿರ‍್ತೀನಿ. ಎಂಜಿನ್ ಆನ್ ಮಾಡಿರ‍್ತೀನಿ’ ಎಂದು ಲಿಖಿತ ವರದಿ ನೀಡಿರುತ್ತಾರೆ. ಸೂಚನೆಯನ್ನು ಹಿಂಪಡೆಯಲಾಗಿದೆ.

5. ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಸಾಲಿನಲ್ಲಿ ನಿಂತಾಗ ಯಾರಾದರೂ ‘ಮಗಳು ಎಷ್ಟನೇ ರ‍್ಯಾಂಕು?’ ಎಂದು ಕೇಳಿದಲ್ಲಿ, ತಕ್ಷಣ ಚಟ್ನಿಯ ಬಗ್ಗೆ ಮಾತು ತೆಗೆಯತಕ್ಕದ್ದು. ಚಟ್ನಿ ಮುಗಿದಿದ್ದಲ್ಲಿ ಸಾಂಬಾರ್. ಎರಡೂ ಮುಗಿದಿದ್ದಲ್ಲಿ ದೇವರ ದರ್ಶನಕ್ಕೆ ಮರಳತಕ್ಕದ್ದು.

6. ದೈಹಿಕ ಪರೀಕ್ಷೆಗೆ ಮಾದರಿಯಾಗಿ ನಿರ್ದೇಶಕರು ಬೇಸ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಪುಶ್‌ಅಪ್ ಪ್ರದರ್ಶಿಸಿದರು. ಕೆಳಗಿಳಿಯುವ ಭಾಗವು ಲೋಕ ಬೆರಗಾಗುವಂತೆ ನೆರವೇರಿತು. ಮೇಲೇಳುವ ಭಾಗವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ. ಸದರಿ ಸುತ್ತೋಲೆಯ ಖಂಡ 1ರಿಂದ 5ರವರೆಗೆ ಅದೇ ಭಂಗಿಯಲ್ಲಿ ಹೇಳಿ ಬರೆಸಲಾಗಿದೆ.

7. ಉಲ್ಲೇಖ 2ರ ಆಕ್ಷೇಪಣೆ. ಶ್ರೀ ಮೃತ್ಯುಂಜಯ ಅವರ ಮನೆಯಲ್ಲಿ ಸದ್ಯ ನೌಕರಿಯಿರುವ ಏಕೈಕ ವ್ಯಕ್ತಿಯಾದ ಶ್ರೀಮತಿ ರುದ್ರಮ್ಮನವರ ಮಾತು ಹೀಗಿದೆ: ‘ಅಕಿ ಫಿಜಿಕ್ಸ್ ಬಿಡೂದಿಲ್ಲ ಅಂದ್ರ ಬಿಡೂದಿಲ್ಲ. ಆ ಕ್ಯಾಪ್ಟನ್ ಅಷ್ಟು ಬಿಡಿಸಿ ಹೇಳಿ ಹೋದ್ರೂ ನಿಮ್ ತಲಿಗೆ ಹೋಗವಲ್ದು. ಮೂರೂ ಮಂದಿ ಎದ್ದು ಮೊದ್ಲ ನೌಕರಿ ಹುಡುಕ್ರಿ. ಮತ್ತ, ಆ ಅಣ್ಣಾರನ್ನ ನೆಲದಿಂದ ಯಾರರೆ ಎಬ್ಬಸ್ರಿ.’ ಆಕ್ಷೇಪಣೆಯ ಕಡೆಯ ವಾಕ್ಯವನ್ನು ಮಾತ್ರ ಪುರಸ್ಕರಿಸಲಾಗಿದೆ.

8. ಅಭ್ಯರ್ಥಿಯ ಹೇಳಿಕೆ: ‘ಅಂಕಲ್, ದೇ ವಿಲ್ ಆಸ್ಕ್ ಮಿ ವೈ ಐ ಕ್ವಿಟ್. ವಾಟ್ ಡು ಐ ಸೇ?’ ಈ ಪ್ರಶ್ನೆಗೆ ವಿಭಾಗದ ಉತ್ತರವನ್ನು ಕೋರಂ ಸಾಕಾಗದೆ ಕಾಯ್ದಿರಿಸಲಾಗಿದೆ. ಮೂವರೂ ಹಾಜರಿದ್ದರು.

9. ಆದಾಗ್ಯೂ ಖಂಡ 1 ಜಾರಿಯಲ್ಲಿರುತ್ತದೆ. ಶ್ರೀ ಮೃತ್ಯುಂಜಯ ಅವರು ಕೋರ್ಸ್ ಬದಲಾವಣೆಗೆ ವಿಳಂಬವಿಲ್ಲದೆ ಸಹಿ ಮಾಡತಕ್ಕದ್ದು. ತಪ್ಪಿದಲ್ಲಿ, ಆಗುವ ಪರಿಣಾಮಗಳಿಗೆ ವಿಭಾಗವು ಎಂದಿನಂತೆ ಹೊಣೆಯಾಗಿರುವುದಿಲ್ಲ.

ಸಹಿ/-
(ಪಂಚಾಕ್ಷರಯ್ಯ)
ನಿರ್ದೇಶಕರು (ಸ್ವಯಂ ನಿಯೋಜಿತ)
ಮಕ್ಕಳ ಭವಿಷ್ಯ ವಿಭಾಗ

ಪ್ರತಿಗಳು:

1. ಅಕಾಡೆಮಿಯ ಮುಖ್ಯಸ್ಥರಿಗೆ, ಮಾರ್ಗದರ್ಶನ ಪಡೆಯಲು.

2. ಜನಾಬ್ ಇನಾಯತ್ ಉಲ್ಲಾ, ಉಪನಿರ್ದೇಶಕರು. ಕಾರಿನಲ್ಲೇ ತಲುಪಿಸುವುದು.

3. ಶ್ರೀಮತಿ ರುದ್ರಮ್ಮ. ನಿರ್ದೇಶಕರು ಊಟ ಮುಗಿಸಿ ಮನೆಗೆ ಹೊರಟ ನಂತರ ಕೊಡುವುದು.

4. ಶ್ರೀ ಮೃತ್ಯುಂಜಯ. ಸಹಿಗಾಗಿ. (ಕಚೇರಿಯಲ್ಲಿ ಇಲ್ಲ. ಮಹಡಿಯಲ್ಲಿ ಮಗಳ ಕೋಣೆಗೆ ಹೋದವರು ಊಟಕ್ಕೆ ಕರೆದರೂ ಇಳಿದಿಲ್ಲ.)

5. ಕುಮಾರಿ ರಕ್ಷಾ. (ಇವರಿಗೆ ಮುಂಚಿತವಾಗಿ ಕಳಿಸಿದ್ದ ಕರಡು ಪ್ರತಿ ವಾಪಸಾಗಿದೆ. ಅದರ ಹಿಂಬದಿಯಲ್ಲಿ ಭೌತಶಾಸ್ತ್ರದ ಲೆಕ್ಕವೊಂದನ್ನು ಬಿಡಿಸಲಾಗಿದೆ. ಅರ್ಧದಿಂದಾಚೆಗಿನ ಸಾಲುಗಳು ಮೇಲಿನ ಪ್ರತಿ ಕ್ರಮಾಂಕ 4ರವರ, ಅಂದರೆ ತಂದೆಯವರ ಕೈಬರಹದಲ್ಲಿದ್ದು, ಅವರು ಎರಡು ಕಡೆ ಮಾಡಿದ ತಪ್ಪನ್ನು ಕುಮಾರಿಯವರು ಕೆಂಪು ಶಾಯಿಯಲ್ಲಿ ತಿದ್ದಿರುತ್ತಾರೆ. ಸಹಿ ಎಲ್ಲಿಯೂ ಕಂಡುಬಂದಿಲ್ಲ. ಉತ್ತರವು ಸರಿಯೋ ತಪ್ಪೋ ಎಂಬುದನ್ನು ವಿಭಾಗದಲ್ಲಿ ಪರಿಶೀಲಿಸಬಲ್ಲವರು ಯಾರೂ ಇರುವುದಿಲ್ಲ.)